ಭಂಡಾರದ ಚೀಲದ ಮೂವತ್ತೊಂಬತ್ತರ ರೂಪಾಯಿ

ಆ ರೂಪಾಯಿ ನಮ್ಮ ಮನೆಯಲ್ಲಿದ್ದಷ್ಟು ದಿನ ನಾನು ಒಲೆಯ ಮುಂದೆ ಕೂತರೂ ನನ್ನ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು. ಬೆಕ್ಕು ಹಾರಿದರೆ ನನ್ನ ಎದೆಯೂ ಹಾರುತ್ತಿತ್ತು. ಹಾಲಿನವನು ಕೂಗಿದರೆ ಬಡಿಯುತ್ತಿದ್ದ ರೊಟ್ಟಿ ಅಂಚಿನಲ್ಲಿ ಹರಿಯುತ್ತಿತ್ತು. ಈಗ ಇದನ್ನು ಬರೆಯಲು ಕೂತಾಗಲೂ ಒಮ್ಮೆ ಎದ್ದು ಹೋಗಿ ಚಿಲಕ ನೋಡಿಬಂದೆ. ಮನೆಯಲ್ಲಿ ಈಗ ಕದಿಯುವಂಥದ್ದು ಏನೂ ಇಲ್ಲ. ಅದೂ ದೇವರು ಕೊಟ್ಟ ಒಂದು ಸುಖವೇ.

ಜಮಖಂಡಿಯ ಪೇಟೆಯಲ್ಲಿ ನಮ್ಮ ಮನೆಯವರದು ಹಳೆಯ ಬೆಳ್ಳಿ, ಹಳೆಯ ನಾಣ್ಯ ಕೊಂಡು ಮಾರುವ ಸಣ್ಣ ಅಂಗಡಿ. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದ ಮೇಲೆ ಎದುರು ಕೂತವರ ಮುಖ ಕಾಣುತ್ತಿತ್ತು, ನಾಣ್ಯದ ಮೇಲಿನ ಅಕ್ಷರ ಕಾಣುತ್ತಿರಲಿಲ್ಲ. ಹಾಗಾಗಿ ಪೂಜೆ, ಅಡಿಗೆ ಮುಗಿಸಿ ನಾನೂ ಅಂಗಡಿಗೆ ಹೋಗಿ ಅವರ ಪಕ್ಕ ಕೂರಲು ಶುರು ಮಾಡಿದೆ. ತಿಳಿವಳಿಕೆ ಅವರದು, ಕಣ್ಣು ನನ್ನದು. ನಾಣ್ಯವನ್ನು ಅಂಚಿನಲ್ಲೇ ಹಿಡಿಯಬೇಕು, ಮುಖಕ್ಕೆ ಬೆರಳು ತಾಗಿಸಬಾರದು, ದೀಪದ ಕೆಳಗೆ ನಿಧಾನ ಓರೆ ಮಾಡುತ್ತ ನೋಡಬೇಕು. ಇಷ್ಟನ್ನು ಕಲಿಯುವಷ್ಟರಲ್ಲಿ ನಾನು ಎಷ್ಟು ಬೈಸಿಕೊಂಡೆನೋ ನಮ್ಮ ಮನೆದೇವರು ಮಲ್ಲಯ್ಯನಿಗೇ ಗೊತ್ತು.

ಅಂಥ ಒಂದು ಮಧ್ಯಾಹ್ನ ಅನಗವಾಡಿ ಕಡೆಯ ಹೆಣ್ಣುಮಗಳೊಬ್ಬಳು ಅಂಗಡಿಯ ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟು ಒಳಗೆ ಬಂದಳು. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವಳು. ಕುರಿ ಕಾಯುವ ಮನೆತನ, ಅವರ ಬಾಯಲ್ಲಿ ಬೀರಪ್ಪನಾದ ಬೀರೇಶ್ವರನ ಒಕ್ಕಲು. ಅಣೆಕಟ್ಟಿನ ಹಿನ್ನೀರು ಬಂದಾಗ ಅವರ ಓಣಿ ಎದ್ದು ಮೇಲಿನ ಪುನರ್ವಸತಿ ಕೇಂದ್ರಕ್ಕೆ ಹೋಗಿತ್ತು. ಜನರಿಗೆ ಮನೆಗಳಾದವು, ದೇವರು ಮಾತ್ರ ವರ್ಷಗಳಿಂದ ತಗಡಿನ ಶೆಡ್ಡಿನಲ್ಲೇ ಕೂತಿದ್ದ. ಅವನ ಭಂಡಾರದ ಚೀಲ, ಅಂದರೆ ಅರಿಶಿನದ ಪುಡಿ ತುಂಬಿದ ಉಣ್ಣೆಯ ಚೀಲ, ತಲೆಮಾರಿನಿಂದ ಈಕೆಯ ಗಂಡನ ಮನೆಯಲ್ಲಿತ್ತು. ಗಂಡ ತೀರಿಕೊಂಡ ಮೇಲೂ ಅದು ಈಕೆಯ ಬಳಿಯೇ ಉಳಿದಿತ್ತು. ಹರಕೆ ತೀರಿಸಿದವರು ಹಿಂದೆಲ್ಲ ಆ ಪುಡಿಯೊಳಗೆ ಬೆಳ್ಳಿ ರೂಪಾಯಿ ಹಾಕುತ್ತಿದ್ದರಂತೆ. ಗುಡಿ ಕಟ್ಟಲು ಅವನ್ನು ಮಾರಿ ಬಾ ಎಂದು ಓಣಿಯ ಹಿರಿಯರು ಈಕೆಯನ್ನು ಕಳಿಸಿದ್ದರು.

ಅವಳು ಸೆರಗಿನ ಗಂಟು ಬಿಚ್ಚಿ ನಾಣ್ಯಗಳನ್ನು ನನ್ನ ಉಡಿಗೆ ಸುರಿದಳು. ನಾನು ಒಂದೊಂದನ್ನೇ ಎತ್ತಿ ಇಸವಿ ಓದುತ್ತ ಹೋದೆ. ನಮ್ಮವರು ಕಣ್ಣು ಮುಚ್ಚಿಕೊಂಡು "ಹೂಂ, ಸಾದಾ. ಹೂಂ, ಸಾದಾ" ಎನ್ನುತ್ತಿದ್ದರು. "ಮೂವತ್ತೊಂಬತ್ತು" ಎಂದೆ. ಅವರು ಕಣ್ಣು ತೆರೆದರು.

"ಇನ್ನೊಮ್ಮೆ ನೋಡು."

"ಮೂವತ್ತೊಂಬತ್ರಿ."

"ಭೂತಗನ್ನಡಿ ತಗೊಂಡ ನೋಡು. ಎಂಟೋ ಒಂಬತ್ತೋ?"

ಅವರ ದನಿ ಇಳಿದುದನ್ನು ಕೇಳಿ ನಾನು ಭೂತಗನ್ನಡಿ ಎತ್ತಿಕೊಂಡೆ. ಬ್ರಿಟಿಷ್ ರಾಜನ ತಲೆ ಇರುವ, ಸಾವಿರದ ಒಂಬೈನೂರ ಮೂವತ್ತೊಂಬತ್ತರ ರೂಪಾಯಿ ಟಂಕಸಾಲೆಯಿಂದ ಹೊರಬಂದಿದ್ದೇನೋ ಖರೆ. ಆದರೆ ಬಹುಪಾಲು ಮತ್ತೆ ಕರಗಿಹೋದವಂತೆ. ಉಳಿದ ಒಂದೊಂದಕ್ಕೂ ದೊಡ್ಡ ಊರಿನ ಸಂಗ್ರಹಕಾರರು ಹೊಲದ ಬೆಲೆ ಕೊಡುತ್ತಾರೆ. ಆ ಆಸೆಗೇ ಮೂವತ್ತೆಂಟರ ಎಂಟನ್ನು ಕೆರೆದು ಒಂಬತ್ತು ಮಾಡಿ ಮಾರುವವರೂ ಇದ್ದಾರೆ. ಸಿಕ್ಕಿದ್ದು ದೇವರ ಪ್ರಸಾದವೋ, ಯಾರದೋ ಮೋಸವೋ, ತಿಳಿಯುವ ತನಕ ಬಾಯಿ ಬಿಡುವಂತಿರಲಿಲ್ಲ.

"ದೊಡ್ಡವ್ವಾ, ಇದೊಂದು ನಮ್ಮ ಕಡೆ ಇರಲಿ. ಭಾರೀ ಬೆಲೆದ್ದು ಇರಬಹುದು, ಖೋಟಾನೂ ಇರಬಹುದು. ನೋಡಿ ಹೇಳ್ತೇವಿ," ಎಂದರು ನಮ್ಮವರು.

"ಇರಲಿ ಬಿಡ್ರಿ, ಯಪ್ಪಾ. ಬೀರಪ್ಪನ ವಸ್ತು. ನಿಮ್ಮನ್ನೂ ಅವನ ನೋಡಕೋತಾನ," ಎಂದಳು. ಅವಳು ಆಶೀರ್ವಾದಕ್ಕೆ ಅಂದಳು. ನನಗೆ ಎಚ್ಚರಿಕೆಯಂತೆ ಕೇಳಿಸಿತು.

ಉಳಿದ ಸಾದಾ ರೂಪಾಯಿಗಳಿಗೆ ಬೆಳ್ಳಿಯ ದರದಲ್ಲಿ ದುಡ್ಡು ಎಣಿಸಿಕೊಂಡು ಅವಳು ಹೋದ ಮೇಲೆ ನಾನು ಖುಷಿಯಿಂದಲೇ ಹೇಳಿದೆ, "ನೋಡ್ರಿ, ಎಷ್ಟ ಫಳಫಳ ಹೊಳ್ಯಾಕತ್ತೈತಿ!"

ಅವರು ತಲೆಯ ಮೇಲೆ ಕೈ ಹೊತ್ತುಕೊಂಡರು. "ಹೊಳ್ಯಾಕತ್ತೈತಿ? ಭಂಡಾರದಾಗ ಬಿದ್ದ ರೂಪಾಯಿ ಹೊಳೀತೈತೇನ? ತೊಳದಾಳ. ಹುಣಸಿಹಣ್ಣ ಹಚ್ಚಿ ತಿಕ್ಕ್ಯಾಳ."

ತೊಳೆದರೆ ತಪ್ಪೇನು ಎಂದು ನನಗೆ ಹೊಳೆಯಲೇ ಇಲ್ಲ. ದೀಪಾವಳಿ ಬಂದರೆ ಲಕ್ಷ್ಮಿಯ ಮುಂದಿನ ರೂಪಾಯಿಯನ್ನು ನಾನೂ ಹುಳಿ, ಬೂದಿ ಹಾಕಿ ತಿಕ್ಕುವವಳೇ. ನಾಣ್ಯದ ವ್ಯಾಪಾರದಲ್ಲಿ ಮಾತ್ರ ಅದು ದೊಡ್ಡ ಊನ. ತಿಕ್ಕಿದಾಗ ಮೈಮೇಲೆ ಕೂದಲೆಳೆಯಂಥ ಗೀರು ಬೀಳುತ್ತವೆ, ಟಂಕಸಾಲೆಯ ಮೂಲ ಹೊಳಪು ಹೋಗಿ ಪಾತ್ರೆಯ ಹೊಳಪು ಬರುತ್ತದೆ, ಬೆಲೆ ಅರ್ಧಕ್ಕೆ ಇಳಿದರೂ ಇಳಿಯಿತು. ನಾವು ಭಕ್ತಿಯಿಂದ ಮಾಡುವುದು ಅಲ್ಲಿ ಕೆಡಿಸಿದ ಲೆಕ್ಕ.

ಮರುದಿನದಿಂದ ಪರೀಕ್ಷೆ. ಪಕ್ಕದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಕ ನೋಡಿದೆವು, ಸರಿ ಇತ್ತು. ಆಯಸ್ಕಾಂತಕ್ಕೆ ಹತ್ತಲಿಲ್ಲ. ಅಂಚಿನ ಗೆರೆಗಳು ಸುತ್ತಲೂ ಒಂದೇ ಸಮ ಇದ್ದವು, ಅಚ್ಚು ಹೊಯ್ದ ಖೋಟಾ ನಾಣ್ಯದಲ್ಲಿ ಕಾಣುವ ಬೆಸುಗೆ ಗುರುತು ಇರಲಿಲ್ಲ. ಕಟ್ಟಿಗೆಯ ಮಣೆಯ ಮೇಲೆ ಒಮ್ಮೆ ಬೀಳಿಸಿದಾಗ ನಮ್ಮವರು ಕಿವಿಗೊಟ್ಟು, "ಬೆಳ್ಳಿ ಖರೆ," ಎಂದರು. ಉಳಿದಿದ್ದು ಆ ಒಂಬತ್ತು. ಪಕ್ಕದಲ್ಲಿ ಮೂವತ್ತೆಂಟರ ರೂಪಾಯಿ ಒಂದನ್ನು ಇಟ್ಟುಕೊಂಡು, ಭೂತಗನ್ನಡಿ ಕಣ್ಣಿಗೆ ಒತ್ತಿ, ಅಂಕಿಯ ಸುತ್ತ ಕೆರೆದ ಗುರುತು ಇದೆಯೇ ಎಂದು ನೋಡಿದೆ. ಕಣ್ಣಲ್ಲಿ ನೀರು ಬಂತು. ಆಗ ಕಂಡದ್ದು ಹಳದಿ. ಹುಳಿ ಹಚ್ಚಿ ತಿಕ್ಕಿದ್ದರೂ ಅಂಕಿಗಳ ಸಂದಿಯಲ್ಲಿ, ಕಿರೀಟದ ಗೆರೆಗಳಲ್ಲಿ, ಒಂಬತ್ತರ ಬಾಲದ ಒಳಗೆ ಹಳೆಯ ಭಂಡಾರ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು.

ಹೇಳಿದಾಗ ನಮ್ಮವರು ನನ್ನ ಕಡೆಗೆ ಬಾಗಿದರು. ಆಮೇಲೆ ಅಂದರು, "ಎಲ್ಲಾ ಅಂಕಿ ಒಳಗೂ ಒಂದ ನಮೂನಿ ಐತೇನ? ಹಂಗಾರ ಚೀಲದಾಗ ಬಿದ್ದ ಮ್ಯಾಲೆ ಯಾರೂ ಅದನ್ನ ಕೆರದಿಲ್ಲ. ಬೀಳೂಕಿಂತ ಮೊದಲ ಕೆರಿಯಾಕ ಆಗಿನ ಮಂದಿಗೆ ಇದರ ಬೆಲೆ ಎಲ್ಲಿ ಗೊತ್ತಿತ್ತು? ಅದನ್ನ ಮುಟ್ಟಬ್ಯಾಡ. ಅದ ನಮ್ಮ ಸಾಕ್ಷಿ."

ಅವಳು ಪೂರ್ತಿ ತಿಕ್ಕಲಿಲ್ಲವಲ್ಲ ಎಂದು ದೇವರಿಗೆ ಕೈ ಮುಗಿದೆ. ಆ ದಿನದ ಮಟ್ಟಿಗೆ ಅಷ್ಟು ಸಾಕಿತ್ತು.

ನಾಣ್ಯವನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಪುಟ್ಟ ಸ್ಟೀಲ್ ಡಬ್ಬಿಯಲ್ಲಿಟ್ಟು, ಜೋಳದ ಹಿಟ್ಟಿನ ಡಬ್ಬದ ತಳಕ್ಕೆ ಹುಗಿದೆ. ಹಿಟ್ಟು ಕಡಿಮೆಯಾಗುತ್ತ ಬಂದಂತೆ ನನ್ನ ಜೀವವೂ ಕಡಿಮೆಯಾಗುತ್ತಿತ್ತು. ಗಿರಣಿಗೆ ಎರಡು ಸಲ ಹೆಚ್ಚಿಗೆ ಹೋಗಿ ಬೀಸಿಸಿಕೊಂಡು ಬಂದೆ.

ನಮ್ಮವರು ಬೆಳಗಾವಿಯ ಹಳೆಯ ಗೆಳೆಯರಿಗೆ ಫೋನು ಮಾಡಿಸಿದರು. ಅವರೂ ನಾಣ್ಯದ ವ್ಯಾಪಾರಿ, ದೊಡ್ಡವರು. ಮುಂಜಾನೆಯ ಬಸ್ಸಿಗೆ ಬಂದು, ನನ್ನ ಕೈಯ ಚಹಾ ಕುಡಿದು, ನಾಣ್ಯ ನೋಡಿ, "ಖರೆ ಐತಿ. ತೊಳದಾರ," ಎಂದರು. ಒಂದೇ ನೋಟಕ್ಕೆ!

ನಾನು ಕೇಳಿದೆ, "ಅಣ್ಣಾರ, ಪರದೇಶದ ಕಂಪನಿಗೆ ಕಳಿಸಿದ್ರ ಅವರು ಪರೀಕ್ಷೆ ಮಾಡಿ, ದರ್ಜೆ ಬರದು, ಪ್ಲಾಸ್ಟಿಕ್ ಡಬ್ಬ್ಯಾಗ ಹಾಕಿ ಕೊಡ್ತಾರಂತಲ್ರಿ. ಹಂಗ ಮಾಡಿಸಿದ್ರ ರೊಕ್ಕ ಹೆಚ್ಚ ಬರೂದಿಲ್ಲೇನ್ರಿ? ನೀವು ವ್ಯಾಪಾರಸ್ಥರು ಯಾಕ ಸುಮ್ಮ ಹಂಗ ಮಾರತೇರಿ?"

ಅವರು ನಕ್ಕರು. "ವೈನಿ, ಸಾದಾ ನಾಣ್ಯಕ್ಕ ಆ ಡಬ್ಬಿ ಖರ್ಚ ಗಿಟ್ಟೂದಿಲ್ಲ. ಇಂಥಾ ನಾಣ್ಯ ಇದ್ರ ಮುಂಬೈದಾಗ ಏಜೆಂಟನ ಕೈಯಾಗ ಕೊಡಬೇಕು. ಇಮಾನ ಹತ್ತಿ ಹೋಗಿ ಬರೂದು ತಿಂಗಳಗಟ್ಲೆ. ಅಲ್ಲೀ ಮಟಾ ನೀವು ಉಂಡದ್ದು ಮೈಗೆ ಹತ್ತೂದಿಲ್ಲ. ಹಾದ್ಯಾಗ ಕಳೀತಪಾ ಅಂದ್ರ ಅವ ಇವನ ಮ್ಯಾಲೆ ಹಾಕ್ತಾನ, ಇವ ಅವನ ಮ್ಯಾಲೆ. ಎಲ್ಲಾ ದಾಟಿ ತಿರುಗಿ ಬಂತು ಅಂತನ ತಿಳ್ಕೋರಿ. 'ಇದು ತೊಳದದ್ದು' ಅಂತ ಚೀಟಿ ಹಚ್ಚಿ, ಡಬ್ಬಿ ಮುಚ್ಚಿ ಕಳಿಸಿದ್ರ? ಮುಗೀತು. ಅದು ಸಾಯೂತನಕ ಅದರ ಹೆಸರು ಅದ."

"ಕಳಸಲಿಲ್ಲಂದ್ರ?"

"ಕಳಸಲಿಲ್ಲಂದ್ರ, ನೋಡಾಂವ ತನ್ನ ಕಣ್ಣಿಲೆ ನೋಡ್ತಾನ. ಒಬ್ಬಂವಗ ಛಲೋ ಕಾಣತೈತಿ, ಒಬ್ಬಂವಗ ಭಾಳ ಛಲೋ ಕಾಣತೈತಿ. ಡಬ್ಬಿ ಇಲ್ಲದ ನಾಣ್ಯ ಅಂದ್ರ ಲಗ್ನದ ಹುಡುಗಿ ಇದ್ದಂಗ ವೈನಿ, ನೋಡಾಕ ಬಂದಾವ್ರೆಲ್ಲಾ ಆಸೆ ಇಟ್ಕೊಂಡ ಬರ್ತಾರ. ನಾವು ಮಾರೂದು ಆ ಆಸೆ."

"ಈ ಮಾತು ನಿನ್ನ ಹೆಂಡ್ತಿ ಮುಂದ ಆಡು, ರೊಟ್ಟಿ ಬಂದ್ ಆಗ್ತಾವು," ಎಂದರು ನಮ್ಮವರು.

ಗೆಳೆಯರು ಚಹಾದ ಬಟ್ಟಲು ಕೆಳಗಿಟ್ಟು ದನಿ ತಗ್ಗಿಸಿದರು. ಸೂಜಿಯಿಂದ ಆ ಅರಿಶಿನ ಬಿಡಿಸಿ, ಔಷಧದಲ್ಲಿ ಅದ್ದಿ ತೆಗೆದರೆ ಒಂದೇ ಸಮ ಬೆಳ್ಳಗಾಗುತ್ತದೆ, ತೊಳೆದ ಮಾತು ನಾವಾಗಿ ಎತ್ತುವುದು ಬೇಡ ಎಂದರು. ನಾನು ನಮ್ಮವರ ಮುಖ ನೋಡಿದೆ. ಅವರು ತಲೆ ಅಲ್ಲಾಡಿಸಿದರು. "ಅರಿಶಿನ ತಗದ್ರ ಒಂಬತ್ತಕ್ಕ ಸಾಕ್ಷಿ ಹೋಗತೈತಿ ಮಾರಾಯಾ. ಮತ್ತ, ದೇವರದು." ಗೆಳೆಯರು ಬೇಜಾರು ಮಾಡಿಕೊಳ್ಳಲಿಲ್ಲ. "ನಿನಗ ವ್ಯಾಪಾರ ಇನ್ನೂ ಬರಲಿಲ್ಲ," ಎಂದು ಬೈದು, ಇಂಥ ನಾಣ್ಯ ಹುಡುಕುವ ಗಿರಾಕಿಯೊಬ್ಬರ ಸುಳಿವು ಕೊಟ್ಟು ಹೋದರು. ಇಚಲಕರಂಜಿಯ ನೂಲಿನ ವ್ಯಾಪಾರಿ. ಬನಹಟ್ಟಿಯ ಮಗ್ಗದವರ ಬಳಿಗೆ ಬರುತ್ತ ಹೋಗುತ್ತ ಇರುವವರು.

ಬೆಲೆ ಏನಾಗಬಹುದು ಎಂದು ದೊಡ್ಡವ್ವನಿಗೆ ಹೇಳದೆ ಮುಂದುವರಿಯುವುದು ತಪ್ಪು ಎನಿಸಿತು. ನಾನು ಅನಗವಾಡಿಯ ಬಸ್ಸು ಹತ್ತಿದೆ. ನಾಣ್ಯ ಮನೆಯಲ್ಲೇ ಇತ್ತು. ನಮ್ಮವರು, ನೀನು ಬರುವ ತನಕ ಹಿಟ್ಟಿನ ಡಬ್ಬಕ್ಕೆ ಬೆನ್ನು ಹಚ್ಚಿ ಕೂತಿರುತ್ತೇನೆ ಎಂದಿದ್ದರು. ಆದರೂ ದಾರಿಯುದ್ದಕ್ಕೂ ಎದುರಿನ ಸೀಟಿನವನು ನನ್ನನ್ನೇ ನೋಡುತ್ತಿದ್ದ. ಇವನಿಗೆ ಹೇಗೆ ಗೊತ್ತಾಯಿತು, ಮನೆಗೆ ಬೇರೆ ಯಾರನ್ನಾದರೂ ಕಳಿಸಿದ್ದಾನೋ ಎಂದು ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಇಳಿಯುವಾಗ ಅವನು ಮೆಲ್ಲಗೆ, "ಅಕ್ಕಾರ, ನಿಮ್ಮ ಕುಂಕುಮ ಬೆವರಿಗೆ ಕರಗಿ ಮೂಗಿಗೆ ಇಳದೈತ್ರಿ," ಎಂದ.

ದೊಡ್ಡವ್ವನ ಮನೆಯ ಕಟ್ಟೆಯಿಂದ ಹಿನ್ನೀರು ಕಾಣುತ್ತಿತ್ತು. ನಾನು ಎಲ್ಲ ಹೇಳಿದೆ. ನಾಣ್ಯ ಖರೆ ಎಂದಾಗ ಅವಳ ಮುಖ ಅರಳಿತು. ತೊಳೆದದ್ದರಿಂದ ಬೆಲೆ ಇಳಿಯುತ್ತದೆ ಎಂದಾಗ ಅವಳು ನನ್ನ ಕೈ ಹಿಡಿದಳು.

"ದೇವರ ಭಂಡಾರ ಹಚ್ಚಿಕೊಂಡು ಅದು ಅಂಗಡಿಗೆ ಹೆಂಗ ಬರಬೇಕ ತಂಗಿ? ಉದರಿ ನೆಲಕ್ಕ ಬಿದ್ರ, ಹತ್ತು ಮಂದಿ ಚಪ್ಪಲಿ ಕಾಲಿಲೆ ತುಳೀತಿದ್ರು. ಅದಕ್ಕ ತೊಳದೆ. ಇದನ್ನ ಹಿರ್ಯಾರಿಗೆ ಹೇಳಬ್ಯಾಡವ್ವಾ. ಗಂಡ ಇಲ್ಲದಾಕಿ ಮನ್ಯಾಗ ಚೀಲ ಯಾಕಂತ ಮೊದಲ ಮಾತಾಡತಾರ. ದೇವರ ವಸ್ತು ಕೆಡಿಸಿದ್ಲು ಅಂದ್ರ ಚೀಲ ಕಸಗೊಂತಾರ. ಅದು ಹೋದ್ರ ನನ್ನ ಮನ್ಯಾಗ ಏನ ಉಳೀತು?"

ಹೇಳುವುದಿಲ್ಲ ಎಂದೆ. ಮಾತು ಕೊಟ್ಟ ಮೇಲೆ ತಿರುಗಿ ಬರುವ ಬಸ್ಸಿನಲ್ಲಿ ಕೂತು ಹೆದರಿದೆ.

ಹೆದರಿದ್ದು ಸುಳ್ಳಾಗಲಿಲ್ಲ. ವಾರ ಕಳೆಯುವುದರೊಳಗೆ ಆ ಓಣಿಯ ಹಿರಿಯ ಪೂಜಾರಿ ಕಂಬಳಿ ಹೆಗಲ ಮೇಲೆ ಹಾಕಿಕೊಂಡು, ಬಡಿಗೆ ಊರುತ್ತ ಅಂಗಡಿಗೆ ಬಂದರು. ನಾಣ್ಯ ಖರೆ ಎಂಬುದು ಅವರಿಗೆ ದೊಡ್ಡವ್ವನಿಂದ ತಿಳಿದಿತ್ತು. ಅವರ ಅಳಿಯ ಬಾಗಲಕೋಟೆಯಲ್ಲಿ ಕಂಪ್ಯೂಟರಿನಲ್ಲಿ ನೋಡಿದ್ದನಂತೆ, ಪರದೇಶದ ಡಬ್ಬಿಯಲ್ಲಿ ಕೂತ ನಾಣ್ಯಕ್ಕೆ ದುಪ್ಪಟ್ಟು ಬೆಲೆಯಂತೆ.

"ನೀವು ಯಾಕ ಕಳಸೂದಿಲ್ಲ?"

ನಮ್ಮವರು ಖರ್ಚು ಹೇಳಿದರು, ತಿಂಗಳುಗಳ ಮಾತು ಹೇಳಿದರು, ಹಾದಿಯಲ್ಲಿ ಕಳೆಯುವ ಭಯ ಹೇಳಿದರು. ಎಲ್ಲವೂ ಖರೆಯೇ. ಒಂದನ್ನು ಮಾತ್ರ ಹೇಳಲಿಲ್ಲ. ಹೇಳದೆ ಬಿಟ್ಟದ್ದು ಮುಖದ ಮೇಲೆ ಕಾಣುತ್ತದೆ ಎಂದು ನನಗೆ ಆಗ ತಿಳಿಯಿತು. ಪೂಜಾರಿ ನಮ್ಮವರನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಏನೋ ಮುಚ್ಚಾಕತ್ತೇರಿ. ಖರೇ ವಸ್ತು ಪರೀಕ್ಷೆಗೆ ಅಂಜೂದಿಲ್ಲ. ಅಮಾಸಿ ಆದ ಮರುದಿನ ಬರ್ತೇನಿ. ಕಳಸರಿ, ಇಲ್ಲಾ ಮಾರ್ರಿ, ಇಲ್ಲಾ ಬೀರಪ್ಪನ ವಸ್ತು ಬೀರಪ್ಪಗ ಕೊಡ್ರಿ. ನಾಣ್ಯ ಬದಲೀ ಮಾಡಿದ್ರ ಅವ ನೋಡಕೋತಾನ."

ಬದಲಿ ಮಾಡುವುದು, ಅಂದರೆ ಖರೆಯದನ್ನು ಇಟ್ಟುಕೊಂಡು ಖೋಟಾ ಕೊಡುವುದು! ಅವರು ಮೆಟ್ಟಿಲು ಇಳಿಯುವಾಗ ಪಕ್ಕದ ಅಂಗಡಿಯವರೆಲ್ಲ ಕೇಳಿಸಿಕೊಂಡರು. ಆ ರಾತ್ರಿ ನಮ್ಮವರು ಉಣ್ಣಲಿಲ್ಲ. ಅವರಿಗೆ ಕಣ್ಣು ಹೋಗುತ್ತಿತ್ತು, ಅಂಗಡಿಯಲ್ಲಿ ಮಾಲು ಇರಲಿಲ್ಲ, ಉಳಿದದ್ದು ಹೆಸರೊಂದೇ.

ಕಳಿಸಿಬಿಟ್ಟರೆ ನಮ್ಮ ಹೆಸರು ಉಳಿಯುತ್ತಿತ್ತು. ಪರದೇಶದಿಂದ ಚೀಟಿ ಬರುತ್ತಿತ್ತು, ಖರೆ ನಾಣ್ಯ, ತೊಳೆದದ್ದು ಎಂದು. ಅಳಿಯ ಅದನ್ನು ಓದಿ ಓಣಿಗೆ ಹೇಳುತ್ತಿದ್ದ. ದೊಡ್ಡವ್ವನ ಮನೆಯಿಂದ ಚೀಲ ಎದ್ದು ಹೋಗುತ್ತಿತ್ತು. ಕಳಿಸದಿದ್ದರೆ ನಾವು ಕಳ್ಳರು. ದೇವರ ಮುಂದೆ ದೀಪ ಹಚ್ಚಿ ಕೂತೆ. ಬೇಡಿಕೊಳ್ಳಲು ಏನೆಂದು ಬೇಡಿಕೊಳ್ಳಲಿ?

ಕೊನೆಗೆ ನಾನೇ ಹೇಳಿದೆ, "ಕಳಸೂದು ಬ್ಯಾಡ್ರಿ. ತಗೊಳ್ಳಾವ್ರಿಗೆ ಮಾತ್ರ ಇದ್ದದ್ದು ಇದ್ದಂಗ ಹೇಳೂಣು."

"ತೊಳದದ್ದು ಅಂತ ಹೇಳಾಕ ಬೇಕು," ಎಂದರು ಅವರು. "ಯಾರು ತೊಳದ್ರು ಅನ್ನೂದು ಅವರಿಗೆ ಬೇಕಾಗಿಲ್ಲ. ಅದನ್ನ ನಾವು ಹೇಳೂದೂ ಇಲ್ಲ."

ಇಚಲಕರಂಜಿಯ ವ್ಯಾಪಾರಿಗೆ ಫೋನು ಮಾಡಿದೆವು. ಅಮಾವಾಸ್ಯೆಗೆ ಮೊದಲೇ ಬಂದು ಹೋಗಲಿ ಎಂದು ನಾನು ಹರಕೆ ಹೊತ್ತೆ. ಅವರು ಬನಹಟ್ಟಿಯ ಕೆಲಸದಲ್ಲಿ ಸಿಕ್ಕಿಕೊಂಡು, ಸರಿಯಾಗಿ ಅಮಾವಾಸ್ಯೆಯ ಮರುದಿನವೇ ಬಂದರು. ಅವರು ಭೂತಗನ್ನಡಿ ಕಣ್ಣಿಗೆ ಹಚ್ಚಿದ್ದರು, ಅಷ್ಟರಲ್ಲಿ ಬಡಿಗೆಯ ಸದ್ದು ಕೇಳಿತು. ಪೂಜಾರಿ, ಅವರ ಹಿಂದೆ ತಲೆ ತುಂಬ ಸೆರಗು ಹೊದ್ದ ದೊಡ್ಡವ್ವ. ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟು ಇಬ್ಬರೂ ಗೋಡೆಗೆ ಹತ್ತಿ ಕೂತರು.

ನೂಲಿನ ವ್ಯಾಪಾರಿ ಬಹಳ ಹೊತ್ತು ನಾಣ್ಯ ತಿರುಗಿಸಿದರು. ಒಂಬತ್ತರ ಹತ್ತಿರ ನಿಂತರು. "ಈ ಹಳದೀ ಛಲೋ ಉಳದೈತಿ," ಎಂದರು. ಆಮೇಲೆ ತಲೆ ಎತ್ತದೆ, "ತೊಳದೀರೇನ?" ಎಂದು ಕೇಳಿದರು.

ದೊಡ್ಡವ್ವ ಸೆರಗಿನೊಳಗೆ ಇನ್ನಷ್ಟು ಸಣ್ಣವಳಾದಳು. ಇಲ್ಲ ಎನ್ನಲು ಒಂದು ಮಾತು ಸಾಕಿತ್ತು. ನಮ್ಮವರು ಮಂಜಾದ ಕಣ್ಣಿನಿಂದ ನನ್ನ ಕಡೆ ತಿರುಗಿದರು.

"ತೊಳದದ್ದೈತ್ರಿ," ಎಂದೆ. "ಹುಣಸಿಹಣ್ಣಿಲೆ."

"ಅದಕ್ಕ ಪರದೇಶಕ್ಕ ಕಳಸಲಿಲ್ಲೇನ?" ಎಂದರು ವ್ಯಾಪಾರಿ.

"ಹೌದ್ರಿ. ಅಲ್ಲಿ ತೊಳದದ್ದು ಅಂತ ಬರೀತಾರ. ಯಾಕ ತೊಳದ್ರು ಅಂತ ಬರಿಯೂದಿಲ್ಲ."

ಪೂಜಾರಿಯ ಬಡಿಗೆ ನೆಲಕ್ಕೆ ಕುಟ್ಟಿತು. "ಯಾರು ತೊಳದ್ರು?"

ನಾನು ತೊಳೆದೆ ಎಂದುಬಿಡೋಣ ಎಂದುಕೊಂಡೆ. ಭಂಡಾರದ ಹಳದಿ ಕಣ್ಣೆದುರು ಇರುವಾಗ ಸುಳ್ಳಾಡಲು ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ದೊಡ್ಡವ್ವ ಎದ್ದು ನಿಂತಳು.

"ನಾನು, ಕಾಕಾ. ಭಂಡಾರ ಅಂಗಡಿ ನೆಲಕ್ಕ ಉದರಬಾರದಂತ ತೊಳದೆ. ಬೆಲಿ ಕೆಡತೈತಿ ಅಂತ ನನಗ ಗೊತ್ತಿರಲಿಲ್ಲ. ಈ ತಂಗಿ ನನ್ನ ಸಲುವಾಗಿ ಬಾಯಿ ಕಟ್ಟಿಕೊಂಡು ಕುಂತಾಳ. ಇವರದೇನೂ ತಪ್ಪಿಲ್ಲ."

ಪೂಜಾರಿಯ ಮುಖದ ನರ ಬಿಗಿದಿದ್ದವು. ಈಗ ಚೀಲದ ಮಾತು ಬರುತ್ತದೆ ಎಂದು ನಾನು ಕಣ್ಣು ಮುಚ್ಚಿದೆ.

"ತೊಳದ ನೀರು ಎಲ್ಲಿ ಚೆಲ್ಲಿದಿ?" ಎಂದರು ಅವರು.

"ಶೆಡ್ಡಿನ ಹಿಂದಿನ ಬನ್ನಿಗಿಡದ ಬುಡಕ್ಕ. ಯಾರೂ ತುಳ್ಯಾಂಗಿಲ್ಲ ಅಲ್ಲಿ."

"ಮೋರಿಗೆ ಚೆಲ್ಲಲಿಲ್ಲ?"

"ಅಯ್ಯ, ಎಲ್ಲ್ಯಾರ ಉಂಟೇನ ಕಾಕಾ!"

ಅವರ ಹೆಗಲು ಇಳಿಯಿತು. "ಹಂಗಾರ ಆತು," ಎಂದರು. "ನೀನ ತೊಳದದ್ದ ಛಲೋ ಆತು. ನಮ್ಮ ಗಂಡಸ್ರಿಗೆ ಇದು ಹೊಳೀತಿರಲಿಲ್ಲ. ಹಂಗ ತಂದು ಸುರೂತಿದ್ವಿ." ನೂಲಿನ ವ್ಯಾಪಾರಿಯ ಕಡೆ ತಿರುಗಿ, "ತೊಳದದ್ದಕ್ಕ ಎಷ್ಟ ಕಡಿಮಿ ಮಾಡ್ತೀರಿ, ಹೇಳಿಬಿಡ್ರಿ," ಎಂದರು.

ವ್ಯಾಪಾರಿ ಕಡಿಮೆ ಮಾಡಿದರು, ನ್ಯಾಯವಾಗಿಯೇ ಮಾಡಿ ನಾಣ್ಯ ಕೊಂಡರು. ಆ ದುಡ್ಡಿನಲ್ಲಿ ಗುಡಿಯ ಗೋಡೆಗಳು ಎದ್ದವು, ಮೇಲ್ಛಾವಣಿ ಆಯಿತು, ಶಿಖರಕ್ಕೆ ಸಾಲಲಿಲ್ಲ. ಶಿಖರ ಇಲ್ಲದ ಆ ಗುಡಿಯೊಳಗೆ ದೇವರನ್ನು ಕೂರಿಸಿದ ದಿನ ನಾವಿಬ್ಬರೂ ಹೋಗಿದ್ದೆವು. ಚೀಲ ಹೊತ್ತು ಬಂದವಳು ದೊಡ್ಡವ್ವನೇ. ಅಷ್ಟೊತ್ತಿಗೆ ನಮ್ಮವರಿಗೆ ಏನೂ ಕಾಣುತ್ತಿರಲಿಲ್ಲ. ಅವಳು ಅವರ ಹಣೆಗೆ ಭಂಡಾರ ಒತ್ತಿದಾಗ ಅವರು ಮೂಗಿನಿಂದ ಉಸಿರು ಎಳೆದುಕೊಂಡು, "ಇದ ವಾಸನಿ, ಆ ಒಂಬತ್ತರಾಗ ಇದ್ದದ್ದು," ಎಂದರು.

ಈ ದೀಪಾವಳಿಗೂ ನಾನು ಲಕ್ಷ್ಮಿಯ ರೂಪಾಯಿಯನ್ನು ಹುಣಸೆಹುಳಿ ಹಾಕಿ ತಿಕ್ಕಿದೆ. ಅದು ಮಾರುವ ನಾಣ್ಯವಲ್ಲ. ತೊಳೆದ ನೀರನ್ನು ಮೋರಿಗೆ ಚೆಲ್ಲಲು ಕೈ ಎತ್ತಿದವಳು ತಡೆದು, ಹಿತ್ತಲಿನ ತೆಂಗಿನ ಬುಡದ ತನಕ ಹೋಗಿ, ಬಗ್ಗಿ ಚೆಲ್ಲಿಬಂದೆ.